ಚಿನ್ನಲೇಪದ ಫ್ಯೂಸ್: ಎರಡು ವರ್ಷದ ನಂತರ

10 ರೂಪಾಯಿಯ ಫ್ಯೂಸ್ ಇದ್ದ ಜಾಗಕ್ಕೆ 750 ರೂಪಾಯಿಯದನ್ನು ಹಾಕಿದ್ದೇನೆಂದು ಮನೆಯಲ್ಲಿ ಬಾಯಿಬಿಡಲು ನನಗೆ ಆರು ತಿಂಗಳು ಬೇಕಾಯಿತು. ಆಂಪ್ಲಿಫೈಯರ್‌ಗೆ ಹಾಕಿದರೆ ಧ್ವನಿ ಸುಧಾರಿಸುತ್ತದೆಂದು ಹೇಳಿ ಮಾರುವ ಆಡಿಯೊ ಫ್ಯೂಸ್‌ಗಳ ಲೋಕದಲ್ಲಿ ಇದು ಅಗ್ಗದ ಮಾಲೇ. ಒಂದಕ್ಕೇ ಹತ್ತಾರು ಸಾವಿರ ಬೆಲೆಯವೂ ಇವೆ. ನಾನು ತರಿಸಿದ್ದು ಎರಡರ ಜೋಡಿ: 5×20 ಮಿ.ಮೀ. ಅಳತೆ, ಪಿಂಗಾಣಿ ಕೊಳವೆ, ತುದಿಗಳಿಗೆ ಚಿನ್ನದ ಲೇಪ, 2 ಆಂಪಿಯರ್. ಹದಿನಾಲ್ಕು ವರ್ಷ ಹಳೆಯದಾದ ನನ್ನ ಆಂಪ್ಲಿಫೈಯರ್ ಆಗಾಗ ಚಟಚಟ ಸದ್ದು ಮಾಡುತ್ತಿದ್ದುದರಿಂದ, ಹೇಗೂ ಮುಚ್ಚಳ ಬಿಚ್ಚುವುದಿದೆ, ಇದನ್ನೂ ನೋಡಿಬಿಡೋಣ ಎಂದುಕೊಂಡೆ.

ಮೊದಲ ಸಂಜೆ ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದಾಗ ಚಟಚಟ ನಿಂತಿತ್ತು, ಮೀಟಿನ ಅಂಚು ಬಿಡಿಯಾಗಿ ಕೇಳಿಸಿತು, ನಾನು ಹಿಗ್ಗಿದೆ. ಆದರೆ ಆ ದಿನ ನಾನು ಇನ್ನೊಂದು ಕೆಲಸವನ್ನೂ ಮಾಡಿದ್ದೆ: ಫ್ಯೂಸ್ ಹಿಡಿಯುವ ಹಿತ್ತಾಳೆಯ ಕ್ಲಿಪ್‌ಗಳಿಗೆ ಕಿಲುಬು ಹಿಡಿದಿತ್ತು, ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಉಜ್ಜಿ, ಸಡಿಲವಾಗಿದ್ದ ತುಟಿಗಳನ್ನು ಚಿಮಟದಿಂದ ಒತ್ತಿ ಬಿಗಿ ಮಾಡಿದ್ದೆ. ವಾರದ ನಂತರ ಅನುಮಾನ ಬಂದು ಹಳೆಯ ಫ್ಯೂಸನ್ನೇ ಮರಳಿ ಹಾಕಿ ನೋಡಿದರೆ, ಚಟಚಟವೂ ಇಲ್ಲ, ವೀಣೆಯೂ ಅಷ್ಟೇ ಚೆನ್ನ.

ಆಮೇಲೆ ಅಳೆದೆ. ಫ್ಯೂಸನ್ನು ಹೊರತೆಗೆದು, ಪವರ್ ಸಪ್ಲೈಯಿಂದ ಸರಿಯಾಗಿ 1 ಆಂಪಿಯರ್ ಹರಿಸಿ, ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿದರೆ ಹಳೆಯದರಲ್ಲಿ 45 ಮಿಲಿವೋಲ್ಟ್, ಹೊಸದರಲ್ಲಿ 41, ಎಂದರೆ ವಿದ್ಯುತ್ ರೋಧದಲ್ಲಿ ವ್ಯತ್ಯಾಸ ಕೇವಲ 4 ಮಿಲಿಓಮ್. ಮನೆಯ ಕರೆಂಟ್ ಮೀಟರ್‌ನಿಂದ ನನ್ನ ಕೋಣೆಯ ಪ್ಲಗ್‌ವರೆಗೆ ಹತ್ತು ಮೀಟರ್ ದೂರವಿದ್ದು, ಹೋಗುವ ಬರುವ ಎರಡೂ ತಂತಿ ಸೇರಿದರೆ, 1.5 ಚದರ ಮಿ.ಮೀ. ತಾಮ್ರದಲ್ಲಿ ಸುಮಾರು 240 ಮಿಲಿಓಮ್ ಆಗುತ್ತದೆ. ಗೋಡೆಯೊಳಗಿನ ಆ ತಂತಿಯನ್ನು ಹಾಗೆಯೇ ಬಿಟ್ಟು ನಾನು ಎರಡು ಸೆಂಟಿಮೀಟರಿಗೆ ಚಿನ್ನ ಹಚ್ಚಿದ್ದೆ.

ಕಿವಿಗೂ ಒಂದು ಅವಕಾಶ ಕೊಡಬೇಕಲ್ಲ. ಮಗ ನನಗೆ ಕಾಣದಂತೆ ಹತ್ತು ಬಾರಿ ಫ್ಯೂಸ್ ಬದಲಿಸಿದ, ಕೆಲವೊಮ್ಮೆ ಬದಲಿಸಿದಂತೆ ನಟಿಸಿ ಇದ್ದದ್ದನ್ನೇ ಮರಳಿ ಹಾಕಿದ. ನಾನು ಆರು ಬಾರಿ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿ ಹೇಳಿದರೂ ಆರು ಅಥವಾ ಹೆಚ್ಚು ಸರಿಯಾಗುವ ಸಂಭವ ಶೇಕಡ 38ರಷ್ಟಿದೆ. ಪ್ರತಿ ಸಲವೂ ಪ್ಲಗ್ ಕಿತ್ತು ಕೆಲ ನಿಮಿಷ ಕಾಯಬೇಕಿದ್ದುದರಿಂದ ಹಿಂದಿನ ಧ್ವನಿಯ ನೆನಪು ಮಾಸುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ "ರಾತ್ರಿ ಹಗಲಿನಷ್ಟು ವ್ಯತ್ಯಾಸ" ಎಂದು ಪೊಟ್ಟಣದ ಮೇಲೆ ಬರೆದಿರುವಾಗ ಕೆಲ ನಿಮಿಷದಲ್ಲಿ ಅದು ಮಾಸಬಾರದಿತ್ತು.

ಹದಿನಾಲ್ಕನೆಯ ತಿಂಗಳಲ್ಲಿ, ಮಳೆಯ ಸಂಜೆ ಹೋಗಿದ್ದ ಕರೆಂಟು ಮರಳಿದ ಕ್ಷಣಕ್ಕೆ ಮೊದಲ ಫ್ಯೂಸ್ ಸುಟ್ಟಿತು. ಆಂಪ್ಲಿಫೈಯರ್‌ನೊಳಗಿನ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್ ಚಾಲೂ ಆಗುವಾಗ ಕ್ಷಣಕಾಲ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆದ್ದರಿಂದಲೇ ಅಲ್ಲಿಗೆ ನಿಧಾನವಾಗಿ ಸುಡುವ, 'ಟಿ' ಗುರುತಿನ ಫ್ಯೂಸ್ ಬೇಕು. ಪೊಟ್ಟಣದಲ್ಲಿ ಸ್ಲೋ ಬ್ಲೋ ಎಂದಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಲೋಹದ ಟೋಪಿಯ ಮೇಲೆ 'ಟಿ' ಇಲ್ಲ, ಎಷ್ಟು ಕರೆಂಟನ್ನು ತಡೆದು ನಿಲ್ಲಿಸಬಲ್ಲದೆಂಬ ಗುರುತೂ ಇಲ್ಲ, ಇದ್ದದ್ದು ಕರೆಂಟ್ ಹರಿಯುವ ದಿಕ್ಕನ್ನು ತೋರಿಸುವ ಬಾಣ ಮಾತ್ರ. ನಮ್ಮ 50 ಹರ್ಟ್ಸ್ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುತ್ತದೆ. ಮಾರಿದವರನ್ನು ಕೇಳಿದಾಗ, "5 ಆಂಪಿಯರ್‌ದು ಹಾಕಿಕೊಳ್ಳಿ ಸಾರ್, ಸುಡುವುದಿಲ್ಲ" ಎಂದರು. ನಿಜ, ಫ್ಯೂಸ್ ಸುಡುವುದಿಲ್ಲ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಐದರಲ್ಲಿ ಒಂದು ನಕ್ಷತ್ರ ಕೊಡುತ್ತೇನೆ, ಅದೂ ಕ್ಲಿಪ್ ಉಜ್ಜುವ ನೆಪ ಒದಗಿಸಿದ್ದಕ್ಕೆ. ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ, 'ಟಿ 2 ಎ' ಎಂದು ಸ್ಪಷ್ಟವಾಗಿ ಕೆತ್ತಿರುವ ಪಿಂಗಾಣಿ ಫ್ಯೂಸ್ ಹತ್ತು ತಿಂಗಳಿಂದ ಕೆಲಸ ಮಾಡುತ್ತಿದೆ. ಜೋಡಿಯ ಎರಡನೆಯ ಚಿನ್ನದ ಫ್ಯೂಸ್ ಮೇಜಿನ ಖಾನೆಯಲ್ಲಿದೆ. ಯಾರಿಗೂ ಕೊಡುವ ಮನಸ್ಸಿಲ್ಲ.