ರೇಡಿಯೇಷನ್ ವಿಭಾಗ: ಯಂತ್ರಕ್ಕಿಂತ ಡಾಕ್ಟರ್‌ಗೆ ಜಾಸ್ತಿ ಅಂಕ

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ರೇಡಿಯೇಷನ್ ವಿಭಾಗದ ಬಗ್ಗೆ ಬರೆಯುತ್ತಿದ್ದೇನೆ. ಚಿಕಿತ್ಸೆ ಪಡೆದವರು ನನ್ನ ದೊಡ್ಡಮ್ಮ, ತಿಪಟೂರು ಕಡೆಯವರು. ಕೆನ್ನೆಯ ಒಳಭಾಗದ ಕ್ಯಾನ್ಸರ್. ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ, ಯಾಕೆಂದರೆ ದೂರುಗಳೂ ಇವೆ, ಮತ್ತೆ ನಾನು ಹೇಳಬೇಕಾದ ಮುಖ್ಯ ಮಾತು ನೀವು ಯಾವ ಆಸ್ಪತ್ರೆಗೆ ಹೋದರೂ ಉಪಯೋಗಕ್ಕೆ ಬರುತ್ತದೆ. ರೇಡಿಯೇಷನ್‌ಗೆ ಜಾಗ ಹುಡುಕುವಾಗ ಎಲ್ಲರೂ ಮೊದಲು ಕೇಳುವುದು ಯಂತ್ರ ಯಾವುದು, ಎಷ್ಟು ಹೊಸದು ಅಂತ. ಒಳ್ಳೆಯ ಯಂತ್ರ ಬೇಕೇ ಬೇಕು. ಆದರೆ ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ತೀರ್ಮಾನಿಸುವ ಡಾಕ್ಟರ್ ಯಾರು, ಚಿಕಿತ್ಸೆ ಮುಗಿಯುವ ತನಕ ವಾರಕ್ಕೊಮ್ಮೆ ಅವರೇ ರೋಗಿಯ ಬಾಯಿ ತೆರೆಸಿ ನೋಡುತ್ತಾರಾ, ಅದನ್ನು ಕೇಳಿ.

ಕ್ಯಾನ್ಸರ್ ಡಾಕ್ಟರ್ ಅಂದರೆ ಒಬ್ಬರೇ ಅಲ್ಲ. ಆಪರೇಷನ್ ಮಾಡುವ ಸರ್ಜನ್ ಬೇರೆ, ಕೀಮೋ ಕೊಡುವವರು ಬೇರೆ, ರೇಡಿಯೇಷನ್ ಡಾಕ್ಟರ್ ಬೇರೆ. ಈ ರೇಡಿಯೇಷನ್ ಡಾಕ್ಟರ್‌ಗಳು ಎಂಬಿಬಿಎಸ್ ಮುಗಿಸಿದ ಮೇಲೆ ಇದಕ್ಕೇ ಅಂತ ಮೂರು ವರ್ಷ ಎಂಡಿ ಓದಿರುತ್ತಾರೆ. ಸ್ಕ್ಯಾನ್ ಓದಿ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಕೂಡ ಇವರಲ್ಲ, ಅವರು ಮತ್ತೊಬ್ಬರು. ನಮ್ಮ ಮನೆಯಲ್ಲಿ ಸರ್ಜನ್ ಹೆಸರು ಎಲ್ಲರ ಬಾಯಲ್ಲೂ ಇತ್ತು. ರೇಡಿಯೇಷನ್ ಡಾಕ್ಟರ್ ಯಾರು ಅಂತ ಒಬ್ಬರೂ ವಿಚಾರಿಸಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ, ಅಲ್ವಾ?

ದೊಡ್ಡಮ್ಮನಿಗೆ ಆಪರೇಷನ್ ಮೊದಲೇ ಆಗಿತ್ತು. ಕುತ್ತಿಗೆಯ ಗ್ರಂಥಿಗಳಿಗೂ ಕ್ಯಾನ್ಸರ್ ತಲುಪಿತ್ತು ಎಂದು ಬಯಾಪ್ಸಿ ರಿಪೋರ್ಟ್ ಬಂತು, ಹಾಗಾಗಿ ರೇಡಿಯೇಷನ್ ಬೇಕಾಯಿತು. ರೇಡಿಯೇಷನ್ ಡಾಕ್ಟರ್ ಮೇಡಂ ರಿಪೋರ್ಟನ್ನು ಸಾಲು ಸಾಲಾಗಿ ಓದಿ ನಮಗೆ ವಿವರಿಸಿದರು. ಗ್ರಂಥಿಯ ಸಿಪ್ಪೆ ದಾಟಿ ಹೊರಗೆ ಹಬ್ಬಿಲ್ಲ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ, ಆದ್ದರಿಂದ ಜೊತೆಗೆ ಕೀಮೋ ಬೇಡ, ರೇಡಿಯೇಷನ್ ಸಾಕು ಅಂದರು. ಈ ಎರಡರಲ್ಲಿ ಒಂದಿದ್ದರೂ ಕೀಮೋ ಸೇರಿಸುವುದು ವಾಡಿಕೆಯಂತೆ. ಆಪರೇಷನ್ ಆಗಿ 6 ವಾರದೊಳಗೆ ಶುರು ಮಾಡಬೇಕು, ತಡವಾದಷ್ಟೂ ಲಾಭ ಕಡಿಮೆ ಎಂದೂ ಹೇಳಿದರು. ಗಾಯ ಪೂರ್ತಿ ಒಣಗಲಿ, ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಿದ್ದ ನಮ್ಮ ಚಿಕ್ಕಪ್ಪನಿಗೆ ಆ ಒಂದೇ ಮಾತು ಸಾಕಾಯಿತು.

ಎಲೆ ಅಡಿಕೆ, ಹೊಗೆಸೊಪ್ಪಿನ ವಿಷಯವನ್ನೂ ಕೇಳಿದರು. ಬೈಯಲಿಲ್ಲ. ಎಷ್ಟು ವರ್ಷದಿಂದ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದಿರಿ ಅಂತ ಕೇಳಿ ಬರೆದುಕೊಂಡರು. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿಕೊಳ್ಳಬಹುದಾ ಎಂದು ದೊಡ್ಡಮ್ಮ ಕೇಳಿದಾಗ, ಬೇಡ ಅಂತ ಖಂಡಿತವಾಗಿ ಹೇಳಿದರು. ಅಡಿಕೆಯೊಂದೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ನಮ್ಮ ಕಡೆ ಅಡಿಕೆ ತೋಟ ಇರುವವರಿಗೆ ಇದು ಕೇಳಲು ಕಷ್ಟದ ಮಾತು. ಆದರೂ ಮನೆಮನೆಯಲ್ಲಿ ಗೊತ್ತಿರಬೇಕು.

ಮೊದಲು ಕಳಿಸಿದ್ದು ಹಲ್ಲಿನ ಡಾಕ್ಟರ್ ಹತ್ತಿರ. ನಮಗೆ ಆಶ್ಚರ್ಯವಾಯಿತು. ದವಡೆಗೆ ರೇಡಿಯೇಷನ್ ಬಿದ್ದ ಮೇಲೆ ಆ ಮೂಳೆಗೆ ರಕ್ತ ಓಡಾಟ ಕಡಿಮೆಯಾಗುತ್ತದೆ, ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯುವುದೇ ಇಲ್ಲದೆ ಮೂಳೆ ಸಾಯುವ ಅಪಾಯ ಇರುತ್ತದೆ, ಹಾಗಾಗಿ ಹುಳುಕು ಹಲ್ಲುಗಳನ್ನು ಮೊದಲೇ ತೆಗೆಸಿ, ಎರಡು ವಾರದಷ್ಟು ಮಾಯಲು ಬಿಟ್ಟು, ನಂತರ ಶುರು ಮಾಡಬೇಕು. ಈ ಅಪಾಯ ಒಂದೆರಡು ವರ್ಷಕ್ಕೆ ಹೋಗುವುದಿಲ್ಲ, ಜೀವನಪೂರ್ತಿ ಇರುತ್ತದೆ. ಬಾಯಿ, ಗಂಟಲಿನ ರೇಡಿಯೇಷನ್‌ಗೆ ಹೋಗುತ್ತಿದ್ದು, ಹಲ್ಲಿನ ಪರೀಕ್ಷೆ ಬಗ್ಗೆ ಯಾರೂ ಮಾತೇ ಎತ್ತದಿದ್ದರೆ ನೀವೇ ಕೇಳಿ.

ಊರಲ್ಲಿ ಇದಕ್ಕೆ ಕರೆಂಟ್ ಕೊಡೋದು ಅಂತಾರೆ. ಆ ಹೆದರಿಕೆ ದೊಡ್ಡಮ್ಮನಿಗೆ ಬಹಳ ಇತ್ತು. "ಕರೆಂಟ್ ಹೊಡ್ದಂಗೆ ಆಗ್ತೈತಾ ತಾಯಿ?" ಅಂತ ಕೇಳಿಯೇಬಿಟ್ಟರು. ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡು, "ಇಲ್ಲಮ್ಮ, ಎದೆಯ ಎಕ್ಸ್‌ರೇ ತೆಗೆಸಿಕೊಂಡಾಗ ನಿಮಗೇನಾದರೂ ಗೊತ್ತಾಯಿತಾ? ಇದೂ ಹಾಗೇ, ಏನೂ ಗೊತ್ತಾಗುವುದಿಲ್ಲ" ಅಂದರು. ಹಳೆಯ ಕೋಬಾಲ್ಟ್ ಯಂತ್ರಗಳಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಎಂಬ ಲೋಹ ಒಳಗೇ ಇರುತ್ತಿತ್ತು. ಈಗಿನ ಲೀನಿಯರ್ ಆಕ್ಸಿಲರೇಟರ್‌ನಲ್ಲಿ ಅಂಥದ್ದಿಲ್ಲ, ವಿದ್ಯುತ್ತಿನಿಂದ ಕಿರಣ ಹುಟ್ಟುತ್ತದೆ, ಆಫ್ ಮಾಡಿದರೆ ನಿಂತುಹೋಗುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ಮನೆಯಲ್ಲಿ ಮಲಗಬಹುದು. ಮಗುವನ್ನು ಹತ್ತಿರ ಬಿಡಬಾರದು ಅಂತ ಸಂಬಂಧಿಕರೊಬ್ಬರು ಫೋನಿನಲ್ಲಿ ಹೇಳಿದ್ದರಿಂದ ದೊಡ್ಡಮ್ಮ ಒಳಗೊಳಗೇ ಕೊರಗುತ್ತಿದ್ದರು. ಈ ಮಾತು ಕೇಳಿದ ದಿನ ಸರಿಯಾಗಿ ಊಟ ಮಾಡಿದರು.

ಮಾಸ್ಕ್ ಮಾಡುವ ದಿನ ಸ್ವಲ್ಪ ಕಷ್ಟ. ತೂತು ತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಹಾಸಿ ಒತ್ತುತ್ತಾರೆ, ಕೆಲವೇ ನಿಮಿಷದಲ್ಲಿ ಮುಖದ ಅಚ್ಚಿನಂತೆ ಗಟ್ಟಿಯಾಗುತ್ತದೆ. ಅದನ್ನು ಮೇಜಿಗೆ ಬಿಗಿದರೆ ತಲೆ ಅಲ್ಲಾಡುವ ಹಾಗಿಲ್ಲ. ಪ್ರತಿ ಸಿಟ್ಟಿಂಗ್‌ನಲ್ಲೂ ಅದೇ ಮಾಸ್ಕ್. ಉಸಿರುಕಟ್ಟಿದ ಹಾಗೆ ಅನಿಸುವವರಿಗೆ ಮೊದಲೇ ಹೇಳಿ ಧೈರ್ಯ ತುಂಬಬೇಕು. ಇಲ್ಲಿನ ಟೆಕ್ನಿಷಿಯನ್ ಹುಡುಗ ಅದನ್ನು ಚೆನ್ನಾಗಿ ಮಾಡಿದ. ಒಳಗೆ ಕ್ಯಾಮೆರಾ, ಮೈಕ್ ಇದೆ, ಕೈ ಎತ್ತಿದರೆ ತಕ್ಷಣ ನಿಲ್ಲಿಸಿ ಬರುತ್ತೇವೆ ಅಜ್ಜಿ ಅಂತ ಹೇಳಿ, ಒಮ್ಮೆ ಕೈ ಎತ್ತಿಸಿ ನೋಡಿದ. ಮಾಸ್ಕ್ ಹಾಕಿಯೇ ಸಿಟಿ ಸ್ಕ್ಯಾನ್ ತೆಗೆದರು. ಆಮೇಲೆ ವಾರಕ್ಕೂ ಜಾಸ್ತಿ ನಮ್ಮನ್ನು ಕರೆಯಲೇ ಇಲ್ಲ.

ಆ ದಿನಗಳಲ್ಲಿ ಏನು ನಡೆಯುತ್ತದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಸುಮ್ನೆ ಕಾಯಿಸುತ್ತಿದ್ದಾರೆ ಅಂತ ನಮ್ಮ ಚಿಕ್ಕಪ್ಪ ಸಿಟ್ಟಾಗಿದ್ದರು. ಮೇಡಂ ಅವರನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸಿ ತೋರಿಸಿದರು. ನನ್ನ ಪ್ರಕಾರ ಈ ವಿಭಾಗದ ಅತಿ ಒಳ್ಳೆಯ ಸೇವೆ ಇದೇ. ಸ್ಕ್ಯಾನ್‌ನಲ್ಲಿ 3 ಮಿಲಿಮೀಟರ್‌ಗೆ ಒಂದರಂತೆ ಚಿತ್ರಗಳು ಇರುತ್ತವೆ, ಒಂದೊಂದರ ಮೇಲೂ ಡಾಕ್ಟರ್ ತಾವೇ ಗೆರೆ ಎಳೆಯಬೇಕು. ಗಡ್ಡೆ ಇದ್ದ ಜಾಗ, ಕಣ್ಣಿಗೆ ಕಾಣದ ಕಣಗಳು ಇರಬಹುದಾದ ಜಾಗ, ದಿನದಿನದ ಅಲುಗಾಟಕ್ಕೆಂದು ಬಿಡುವ ಕೆಲವು ಮಿಲಿಮೀಟರ್ ಅಂಚು. ಕಾಪಾಡಬೇಕಾದ ಅಂಗಗಳಿಗೆ ಮತ್ತೆ ಬೇರೆ ಗೆರೆಗಳು. ಬೆನ್ನುಹುರಿಗೆ ಸಾಮಾನ್ಯವಾಗಿ 45 ಗ್ರೇ (ರೇಡಿಯೇಷನ್ ಪ್ರಮಾಣ ಅಳೆಯುವ ಮಾಪನ) ದಾಟದ ಹಾಗೆ ನೋಡಿಕೊಳ್ಳುತ್ತಾರೆ. ಕಿವಿಯ ಮುಂದಿರುವ ಜೊಲ್ಲು ಗ್ರಂಥಿಗೆ ಸರಾಸರಿ 26 ಗ್ರೇಗಿಂತ ಕಡಿಮೆ ಬಿದ್ದರೆ ಮುಂದೆ ಬಾಯಲ್ಲಿ ನೀರು ಮತ್ತೆ ಊರುವ ಸಾಧ್ಯತೆ ಜಾಸ್ತಿ. ಗೆರೆ ಒಂದು ಚೂರು ಒಳಗಾದರೆ ಕ್ಯಾನ್ಸರ್ ಉಳಿಯಬಹುದು, ಚೂರು ಹೊರಗಾದರೆ ಆ ಮನುಷ್ಯ ಉಳಿದ ಜೀವನವೆಲ್ಲ ನೀರಿನ ಬಾಟಲಿ ಹಿಡಿದೇ ಊಟ ಮಾಡಬೇಕಾಗಬಹುದು. ಈ ತೀರ್ಮಾನ ಯಂತ್ರದ್ದಲ್ಲ. ಎಷ್ಟೇ ಬೆಲೆಯ ಯಂತ್ರವಾದರೂ ಡಾಕ್ಟರ್ ಗುರುತು ಮಾಡಿದ ಜಾಗಕ್ಕೇ ಹೊಡೆಯುತ್ತದೆ.

ಗೆರೆ ಹಾಕಿದ ಮೇಲೆ ಮೆಡಿಕಲ್ ಫಿಸಿಸಿಸ್ಟ್ ಕೆಲಸ. ಯಾವ ಕೋನದಿಂದ ಎಷ್ಟು ಕಿರಣ ಬಿಡಬೇಕು ಎಂದು ಅವರು ಲೆಕ್ಕ ಹಾಕುತ್ತಾರೆ, ಡಾಕ್ಟರ್ ನೋಡಿ ಒಪ್ಪಬೇಕು, ಒಪ್ಪದಿದ್ದರೆ ಮತ್ತೆ ಲೆಕ್ಕ. ರೋಗಿಯನ್ನು ಮಲಗಿಸುವ ಮೊದಲು ಆ ಪ್ಲಾನನ್ನು ಯಂತ್ರದ ಮೇಲೆ ಅಳೆದು ನೋಡುತ್ತಾರೆ. ನಮ್ಮದರಲ್ಲಿ ಮೊದಲ ಪ್ಲಾನ್ ಮೇಡಂಗೆ ಹಿಡಿಸದೆ ವಾಪಸ್ ಕಳಿಸಿದ್ದರು, ಎರಡು ದಿನ ತಡವಾಗಿದ್ದು ಅದಕ್ಕೇ. ಗೊತ್ತಾದ ಮೇಲೆ ಚಿಕ್ಕಪ್ಪನ ಸಿಟ್ಟು ಹೋಯಿತು.

ಸಿಟ್ಟಿಂಗ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಇಂಥ ಕೇಸಿಗೆ ಸಾಮಾನ್ಯವಾಗಿ ಒಟ್ಟು 60 ಗ್ರೇ, ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, 30 ಸಿಟ್ಟಿಂಗ್. ಒಂದೇ ಸಲ ಕೊಡುವುದಿಲ್ಲ, ಯಾಕೆಂದರೆ ಆರೋಗ್ಯವಾಗಿರುವ ಜೀವಕೋಶ ಮರುದಿನದೊಳಗೆ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಒಳಗೆ ಇರುವುದು ಹತ್ತು ಹದಿನೈದು ನಿಮಿಷ. ನೋವಿಲ್ಲ.

ನೋವು ಶುರುವಾಗುವುದು ಎರಡು ಮೂರನೇ ವಾರದಿಂದ. ಬಾಯಿ ಹುಣ್ಣು, ರುಚಿ ಹೋಗುವುದು, ಅಂಟು ಜೊಲ್ಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುವುದು. ಡಾಕ್ಟರ್ ಎಂಥವರು ಎಂದು ಗೊತ್ತಾಗುವುದು ಆಗಲೇ. ಪ್ರತಿ ವಾರ ಮೇಡಂ ತಾವೇ ಟಾರ್ಚ್ ಹಿಡಿದು ನೋಡುತ್ತಿದ್ದರು, ಜೂನಿಯರ್ ಮೇಲೆ ಬಿಟ್ಟದ್ದೇ ಇಲ್ಲ. ತೂಕ ಬರೆಸಿ, ಹಿಂದಿನ ವಾರದ್ದಕ್ಕೆ ಹೋಲಿಸಿ, ಇಳಿದಿದ್ದರೆ ಏನು ತಿಂದಿರಿ ಎಂದು ಬೆಳಿಗ್ಗೆಯಿಂದ ರಾತ್ರಿ ತನಕದ್ದೆಲ್ಲ ಹೇಳಿಸುತ್ತಿದ್ದರು. "ಖಾರ ಬಿಡಿ ಅಮ್ಮ, ಊಟ ಬಿಡಬೇಡಿ" ಅನ್ನೋದು ಅವರ ಮಾತು. ಹಾಲು ಹಾಕಿದ ರಾಗಿ ಗಂಜಿ, ಬೇಯಿಸಿದ ಮೊಟ್ಟೆ ಹಿಸುಕಿದ ಮೆತ್ತಗಿನ ಅನ್ನ, ಮೆಣಸಿನಕಾಯಿ ಹಾಕದ ಬೇಳೆ ಕಟ್ಟು, ತುಪ್ಪ. ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಲ್ಲಿ ದಿನಕ್ಕೆ ಎಷ್ಟೋ ಸಲ ಬಾಯಿ ಮುಕ್ಕಳಿಸುವುದು. ನಾಲಿಗೆ ಮೇಲೆ ಬಿಳಿ ಪದರ ಕಂಡ ದಿನವೇ ಅದು ಫಂಗಸ್ ಎಂದು ಗುರುತಿಸಿ ಮಾತ್ರೆ ಬರೆದರು. ಬಾಯಿ ಬಿಗಿದುಕೊಳ್ಳದಿರಲಿ ಎಂದು ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಬಾಯಿ ತೆರೆಯುವ ವ್ಯಾಯಾಮ ಕಲಿಸಿದರು. ನೋವು ತಡೆಯಲಾರದೆ ದೊಡ್ಡಮ್ಮ ಒಂದು ದಿನ, "ಸಾಕು ಮಗಾ, ಇನ್ನು ನಾ ಬರಾಕಿಲ್ಲ" ಅಂತ ಹಟ ಹಿಡಿದರು. ಫೋನ್ ಮಾಡಿದಾಗ ಮೇಡಂ ನೋವಿನ ಔಷಧಿ ಜಾಸ್ತಿ ಮಾಡಿ, ಮಧ್ಯೆ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕೋಶಗಳು ಬೇಗ ಬೆಳೆಯಲು ಶುರು ಮಾಡುತ್ತವೆ ಎಂದು ಅವರಿಗೇ ನೇರವಾಗಿ ಹೇಳಿದರು. ಮರುದಿನ ದೊಡ್ಡಮ್ಮ ತಾವೇ ಎದ್ದು ರೆಡಿಯಾಗಿದ್ದರು.

ತೂಕ ಇಳಿದು ಮಾಸ್ಕ್ ಸಡಿಲವಾದದ್ದನ್ನು ಗಮನಿಸಿದ್ದು ಅದೇ ಟೆಕ್ನಿಷಿಯನ್ ಹುಡುಗ. ಮಾಸ್ಕ್ ಸಡಿಲವಾದರೆ ಕಿರಣ ಬೀಳುವ ಜಾಗವೂ ಬದಲಾಗಬಹುದು. ಅವತ್ತೇ ಮೇಡಂಗೆ ತಿಳಿಸಿದ, ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಮತ್ತೆ ಗೆರೆ ಎಳೆದು ಪ್ಲಾನ್ ಬದಲಿಸಿದರು. ಇಂಥ ತಂಡಕ್ಕೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಈಗ ದೂರುಗಳು. ಒಪ್ಪಿಗೆ ಪತ್ರ, ಆಹಾರದ ಚೀಟಿ ಎಲ್ಲವೂ ಇಂಗ್ಲಿಷಿನಲ್ಲೇ ಇದ್ದವು. ಮೇಡಂ ಬಾಯಲ್ಲಿ ಕನ್ನಡದಲ್ಲಿ ಹೇಳಿದರು ಸರಿ, ಆದರೆ ತುಮಕೂರು, ಮಂಡ್ಯ, ಕೋಲಾರದಿಂದ ಬರುವವರು ಮನೆಗೆ ಹೋಗಿ ಓದುವುದು ಹೇಗೆ? ಬೆಂಗಳೂರಿನ ಆಸ್ಪತ್ರೆ ಇದನ್ನು ಸರಿ ಮಾಡಲೇಬೇಕು. ಒಮ್ಮೆ ಯಂತ್ರ ಕೆಟ್ಟಿತು, ಆಡಳಿತದವರು ಯಾರಿಗೂ ಮೆಸೇಜ್ ಕಳಿಸಲಿಲ್ಲ. ಬಾಯಿ ತುಂಬ ಹುಣ್ಣಿರುವವರನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಸಿ ಕರೆತಂದು, ಇವತ್ತು ಇಲ್ಲ ಎನ್ನಿಸಿಕೊಂಡು ವಾಪಸ್ ಹೋಗುವುದು ಬಹಳ ನೋವಿನ ವಿಷಯ. ತಪ್ಪಿದ ಸಿಟ್ಟಿಂಗನ್ನು ಡಾಕ್ಟರ್ ಬಿಡಲಿಲ್ಲ, ಶನಿವಾರ ಕರೆಸಿ ಕೊಟ್ಟರು. ಕೆಲವರಿಗೆ ಒಂದೇ ದಿನ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಿಟ್ಟಿಂಗ್ ಕೊಟ್ಟು ಸರಿದೂಗಿಸಿದರು. ಬಿಲ್ಲಿಂಗ್ ಕೌಂಟರ್ ನಿಧಾನ. ಕಾಯುವ ಜಾಗ ನೆಲಮಾಳಿಗೆಯಲ್ಲಿದೆ, ಗಾಳಿ ಸಾಲದು, ಫೋನ್ ಸಿಗ್ನಲ್ ಇಲ್ಲ.

ಖರ್ಚಿನ ಬಗ್ಗೆ ಕೇಳುವವರಿಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ, ರೇಡಿಯೇಷನ್ ಕೂಡ ಅದರಲ್ಲಿ ಬರುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ವಿಷಯ ವಿಚಾರಿಸಿಕೊಳ್ಳಿ, ಆಮೇಲೆ ಓಡಾಡುವುದು ಕಷ್ಟ. ಡೇರಿ ಸರ್ಕಲ್ ಹತ್ತಿರದ ಕಿದ್ವಾಯಿ 1973ರಿಂದ ಕ್ಯಾನ್ಸರ್ ಚಿಕಿತ್ಸೆ ಕೊಡುತ್ತಿರುವ ಸರ್ಕಾರಿ ಸಂಸ್ಥೆ, ರೇಡಿಯೇಷನ್ ಅಲ್ಲೂ ಇದೆ. ದುಡ್ಡಿಲ್ಲ ಎಂದು ಚಿಕಿತ್ಸೆಯನ್ನೇ ಕೈಬಿಡಬೇಡಿ.

ಡಾಕ್ಟರ್‌ಗೆ ಐದಕ್ಕೆ ಐದು. ಟೆಕ್ನಿಷಿಯನ್, ಫಿಸಿಸಿಸ್ಟ್‌ಗಳಿಗೂ ಐದು. ಆಡಳಿತಕ್ಕೆ ಎರಡು.

ದೊಡ್ಡಮ್ಮ ಈಗ ಊರಲ್ಲಿದ್ದಾರೆ. ಹುಣ್ಣು ಮಾಯಿತು, ರುಚಿ ನಿಧಾನಕ್ಕೆ ಬರುತ್ತಿದೆ, ಬಾಯಿ ಇನ್ನೂ ಒಣಗುತ್ತದೆ. ಕುತ್ತಿಗೆಗೆ ರೇಡಿಯೇಷನ್ ಬಿದ್ದವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗುವುದು ಸಾಮಾನ್ಯವಾದ್ದರಿಂದ 6 ತಿಂಗಳಿಗೊಮ್ಮೆ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ ಮಾಡಿಸಿ, ತಿಪಟೂರಲ್ಲೇ ಮಾಡಿಸಿದರೂ ಸಾಕು, ಆದರೆ ಬಾಯಿ ಮತ್ತು ಕುತ್ತಿಗೆ ಮುಟ್ಟಿ ನೋಡಲು ನನ್ನ ಹತ್ತಿರವೇ ಕರೆತನ್ನಿ ಅಂತ ಮೇಡಂ ಫೈಲಿನ ಮೇಲೆ ಬರೆದುಕೊಟ್ಟಿದ್ದಾರೆ.