ಹಳೇ ಸಿಜೆ 500ಡಿ ಜೀಪಿಗೆ ಬೊಲೆರೊದ ಪ್ಯೂಜೊ ಎಂಜಿನ್: ಹೈವೇಯಲ್ಲಿ ಓಡಿಸಿ ನೋಡಿದ ಮೇಲೆ

ಮೂಡಿಗೆರೆ ಕಡೆ ತೋಟದ ಕೆಲಸಕ್ಕೆ ಮಹೀಂದ್ರ ಸಿಜೆ 500ಡಿ ಫೋರ್‌ವೀಲ್ ಜೀಪಿನಂಥ ಗಾಡಿ ಇನ್ನೊಂದಿಲ್ಲ. ಆದರೆ ಅದರ ಇಂಟರ್‌ನ್ಯಾಷನಲ್ ಡೀಸೆಲ್ ಎಂಜಿನ್ ಟ್ರಾಕ್ಟರ್ ವಂಶದ್ದು. ಹಾಸನ ದಾಟಿ ಬೆಂಗಳೂರು ಹೈವೇ ಹಿಡಿದರೆ ಅರವತ್ತಕ್ಕೇ ಏದುಸಿರು ಬಿಡುತ್ತದೆ. ಜೀಪು ಮಾರುವ ಮನಸ್ಸಿರಲಿಲ್ಲ. ಹಳೇ ಬೊಲೆರೊದಲ್ಲಿ ಬರುತ್ತಿದ್ದ 2498 ಸಿಸಿ ಪ್ಯೂಜೊ ಎಕ್ಸ್‌ಡಿ3ಪಿ ಎಂಜಿನ್ ಕೂರಿಸಿದೆ. ಈಗ ಕೆಲವು ವರ್ಷ ಆಯ್ತು.

ಎಂಜಿನ್ ಹುಡುಕುವ ಮೊದಲು ಹಿಂದಿನ ಆಕ್ಸಲ್ ಬಿಚ್ಚಿಸಿ ಹಲ್ಲು ಎಣಿಸಿದೆವು. ಆಕ್ಸಲ್ ಒಳಗಿನ ದೊಡ್ಡ ಚಕ್ರ, ಅಂದರೆ ಕ್ರೌನಿಗೆ 43, ಅದನ್ನು ತಿರುಗಿಸುವ ಸಣ್ಣ ಪಿನಿಯನ್‌ಗೆ 8. ಅಂದರೆ 5.38 ರೇಷಿಯೋ: ಪಿನಿಯನ್ 5.38 ಸುತ್ತು ತಿರುಗಿದರೆ ಗಾಡಿಯ ಚಕ್ರ ಒಂದು ಸುತ್ತು. 16 ಇಂಚಿನ ಜೀಪ್ ಟೈರಿನಲ್ಲಿ, ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗಬೇಕು. ಎಷ್ಟೇ ಪವರ್ ಇರುವ ಎಂಜಿನ್ ತಂದಿಟ್ಟರೂ ಈ ಲೆಕ್ಕ ಬದಲಾಗಲ್ಲ. ಅದಕ್ಕೇ 39ಕ್ಕೆ 8ರ ಸೆಟ್, ಅಂದರೆ 4.88 ಹಾಕಿಸಿದೆ. ಈಗ 80ಕ್ಕೆ 2900 ಚಿಲ್ಲರೆ ಸಾಕು. ಹಿಂದೆ ಮಾತ್ರ ಬದಲಿಸಿ ಮುಂದಿನದನ್ನು ಹಾಗೇ ಬಿಡಬೇಡಿ. ಫೋರ್‌ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್‌ಗಳೂ ಒಂದನ್ನೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಗೇರ್‌ಬಾಕ್ಸ್ ಹಳೇ ನಾಲ್ಕು ಗೇರಿನ ಕೆಎಂಟಿ-90. ಎಂಎಂ 540 ಜೀಪಿನಲ್ಲಿ ಕಂಪನಿಯೇ ಇದನ್ನು ಪ್ಯೂಜೊ ಜೊತೆ ಕೊಟ್ಟಿತ್ತು. ಹಾಗಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಜೋಡಿಸುವ ಬೆಲ್ ಹೌಸಿಂಗ್‌ಗೆ ಪರದಾಡಬೇಕಿಲ್ಲ. ಈ ಎಂಜಿನ್ ಆರಿಸಿಕೊಳ್ಳಲು ಅದೇ ದೊಡ್ಡ ಕಾರಣ.

ಓಡಿಸಲು ಹೇಗಿದೆ? 75ರಿಂದ 80ರಲ್ಲಿ ಆರಾಮಾಗಿ ಹೋಗುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಕೂಗದೆ ಮಾತಾಡಬಹುದು, ಜೀಪಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಹಳೇ ಎಂಜಿನ್ನಿನ ನೆನಪಾಗುತ್ತದೆ. ಅದು ಕಡಿಮೆ ಸುತ್ತಿನಲ್ಲೇ ಎಳೆಯುತ್ತಿತ್ತು, ಇದಕ್ಕೆ ಗೇರ್ ಇಳಿಸಬೇಕು. ಡೀಸೆಲ್ಲೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಚಳಿಗಾಲದ ಬೆಳಿಗ್ಗೆ ಹೀಟರ್ ಪ್ಲಗ್ ಬಿಸಿಯಾಗುವವರೆಗೆ ಕಾಯದೆ ಸ್ಟಾರ್ಟ್ ಆಗಲ್ಲ.

ಬ್ರೇಕ್ ಬಗ್ಗೆ ಒತ್ತಿ ಹೇಳುತ್ತೇನೆ. ನಾಲ್ಕೂ ಕಡೆ ಡ್ರಮ್ ಬ್ರೇಕ್ ಇರುವ, ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ಇಲ್ಲದ ಜೀಪನ್ನು 80ರಲ್ಲಿ ಓಡಿಸುವುದು ಅಪಾಯ. ಡೀಸೆಲ್ ಎಂಜಿನ್ನಿನಲ್ಲಿ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗಲ್ಲ, ಪಂಪ್ ಬೇಕು. ವ್ಯಾಕ್ಯೂಮ್ ಪಂಪ್ ಸೇರಿಕೊಂಡೇ ಬರುವ ಆಲ್ಟರ್ನೇಟರ್ ಕೇಳಿ ತೆಗೆದುಕೊಳ್ಳಿ. ಮುಂದೆ ಡಿಸ್ಕ್ ಬ್ರೇಕ್, ಮುಂದಿನ ಚಕ್ರ ಎಡಬಲ ತಿರುಗುವ ಜಾಗದ ಹೊಸ ಕಿಂಗ್‌ಪಿನ್ ಬೇರಿಂಗ್, ಎರಡೂ ಆಗಿರಬೇಕು. ಚಿಕ್ಕ ವೀಲ್‌ಬೇಸಿನ ಜೀಪಿನ ಸ್ಟೀರಿಂಗ್ ಸಡಿಲ ಇದ್ದರೆ ಲಾರಿ ಪಕ್ಕದಲ್ಲಿ ಹೋದಾಗ ಗಾಡಿ ಅಲೆದಾಡುತ್ತದೆ.

ಕೂರಿಸಿದ ಗ್ಯಾರೇಜಿನವರ ಮೇಲೆ ನನಗೊಂದು ಬೇಸರ ಇದೆ. ಮೌಂಟಿಂಗ್ ಬ್ರಾಕೆಟ್ ಅಳತೆ ತಪ್ಪಿಸಿದ್ದರು. ಗಾಡಿ ಗುಂಡಿಗೆ ಬಿದ್ದಾಗ ಫ್ಯಾನ್ ರೇಡಿಯೇಟರ್‌ಗೆ ತಾಗಿ ತಾಮ್ರದ ಫಿನ್ನುಗಳನ್ನು ಗುಂಡಗೆ ಕೆತ್ತಿಬಿಟ್ಟಿತ್ತು. ಬೇರೆ ಕಡೆ ಬ್ರಾಕೆಟ್ ಹೊಸದಾಗಿ ಮಾಡಿಸಿ, ದೊಡ್ಡ ರೇಡಿಯೇಟರ್ ಹಾಕಿಸಬೇಕಾಯ್ತು. ಪ್ಯೂಜೊದ ಹೆಡ್ ಅಲ್ಯೂಮಿನಿಯಂ. ಒಂದು ಸಲ ಜಾಸ್ತಿ ಕಾದರೂ ಗ್ಯಾಸ್ಕೆಟ್ ಹೋಗುತ್ತದೆ.

ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದರಿಂದ ಆರ್‌ಟಿಓ ಅನುಮತಿಯನ್ನು ಮೊದಲೇ ಪಡೆಯಿರಿ, ಕೂರಿಸಿದ ಮೇಲೆ ಅಲ್ಲ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಬಿಲ್ ಇಲ್ಲದ ಗುಜರಿ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ಕೊಳ್ಳುವಾಗ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಹೊಗೆ ಬುಸುಬುಸು ಅಂತ ಬಂದರೆ ರಿಂಗ್, ಲೈನರ್ ಸವೆದಿವೆ ಅಂತಲೇ ಲೆಕ್ಕ. ಅಂಥದಕ್ಕೆ ಪೂರ್ತಿ ಬೋರ್ ಕೆಲಸದ ಖರ್ಚು ಸೇರಿಸಿಕೊಂಡು ಬೆಲೆ ಮಾತಾಡಿ.