ನೋಟ್‌ಪ್ಯಾಡ್ ಪ್ಲಸ್ ಪ್ಲಸ್: ಜಪಾನಿ ಫೈಲಿಗೆ ಮೊದಲು ಕೋಡ್, ಆಮೇಲೆ ಫಾಂಟ್

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಇಲ್ಲಿಯ ಡಿಟಿಪಿ ಟೇಬಲ್ಲಿಗೆ ಯಂತ್ರದ ಕೈಪಿಡಿಯೋ ಬ್ಯಾಡಗಿ ಮೆಣಸಿನಕಾಯಿ ಪೊಟ್ಟಣದ ಲೇಬಲ್ಲೋ ಜಪಾನಿಯಲ್ಲಿ ಬಂದು, ತೆರೆದಾಗ ತಲೆಬುಡವಿಲ್ಲದ ಅಕ್ಷರ ಕಂಡರೆ, ಆಪರೇಟರ ಕೈ ನೇರ ಫಾಂಟ್ ಪಟ್ಟಿಗೆ ಹೋಗುತ್ತದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳು ಕಲಿಸಿದ ರೂಢಿ ಅದು. ಹಳೆಯ ನುಡಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕೋಡು. ಕನ್ನಡದ ರೂಪ ಕೊಡುವುದು ಫಾಂಟು. ಜಪಾನಿ ಫೈಲಿಗೆ ಆ ಉಪಾಯ ನಡೆಯದು. ಅಲ್ಲಿ ತಪ್ಪಿರುವುದು ಬೈಟುಗಳನ್ನು, ಅಂದರೆ ಫೈಲಿನೊಳಗಿನ ಸಂಖ್ಯೆಗಳನ್ನು, ಓದುವ ಕ್ರಮ. ಅದನ್ನು ಸರಿಪಡಿಸಲು ವಿಂಡೋಸ್‌ಗೆ ಪುಕ್ಕಟೆ ಸಿಗುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪಠ್ಯ ಸಂಪಾದಕ ಸಾಕು.

ಒಂದು ಬೈಟಿನಲ್ಲಿ 256 ಬೆಲೆ ಮಾತ್ರ ಹಿಡಿಯುತ್ತದೆ; ಜಪಾನಿಗೆ ಸಾವಿರಾರು ಅಕ್ಷರ ಬೇಕು. ಹಾಗಾಗಿ ಶಿಫ್ಟ್-ಜಿಸ್ ಎಂಬ ಜಪಾನಿ ಕೋಡಿನ ಕ್ರಮದಲ್ಲಿ ಪೂರ್ಣ ಅಗಲದ ಒಂದೊಂದು ಅಕ್ಷರಕ್ಕೂ ಎರಡು ಬೈಟು. ಜಪಾನಿಯ ಕಟಕಾನ ಲಿಪಿಯ ‘ಸೋ’ ಅಕ್ಷರ ಎಂದರೆ 131, 92 ಎಂಬ ಜೋಡಿ. ಇದನ್ನೇ ಪಾಶ್ಚಾತ್ಯ ಕೋಡಿನಲ್ಲಿ ಬಿಡಿಬಿಡಿಯಾಗಿ ಓದಿದರೆ 131 ಬಾಲದ ಎಫ್ ಆಗುತ್ತದೆ, 92 ಹಿಂದಕ್ಕೆ ವಾಲಿದ ಓರೆಗೆರೆ ಆಗುತ್ತದೆ. ಪರದೆಯ ತುಂಬ ಬಾಲದ ಎಫ್ ಇದ್ದರೆ ಅದು ಕಟಕಾನ. ಕೆಳಗಿಳಿದ ಅಲ್ಪವಿರಾಮಗಳ ಸಾಲು ಕಂಡರೆ ಹಿರಗಾನ ಎಂಬ ಇನ್ನೊಂದು ಲಿಪಿ, ಅದರ ಮೊದಲ ಬೈಟು 130. ತಲೆಯ ಮೇಲೆ ಅಲೆಗೆರೆ ಹೊತ್ತ ಸಣ್ಣ ‘ಎ’ ಮತ್ತೆಮತ್ತೆ ಬಂದರೆ ಫೈಲು ಮೊದಲೇ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಯುನಿಕೋಡಿನ ಕ್ರಮ) ಆಗಿದೆ, ಓದಿದ್ದು ತಪ್ಪಾಗಿದೆ ಅಷ್ಟೆ.

ಮೊದಲು ಫೈಲಿನ ಒಂದು ನಕಲು ಎತ್ತಿಡಿ. ಎನ್‌ಕೋಡಿಂಗ್ ಮೆನುವಿನಲ್ಲಿ ಕ್ಯಾರೆಕ್ಟರ್ ಸೆಟ್ಸ್, ಅದರೊಳಗೆ ಜಾಪನೀಸ್, ಅದರೊಳಗೆ ಶಿಫ್ಟ್-ಜಿಸ್ ಒತ್ತಿ. ಇದು ಬೈಟುಗಳನ್ನು ಮುಟ್ಟುವುದಿಲ್ಲ, ಮರಳಿ ಓದುತ್ತದೆ ಅಷ್ಟೇ. ಜಪಾನಿ ಲಿಪಿ ಮೂಡಿದ ಮೇಲೆಯೇ ‘ಕನ್ವರ್ಟ್ ಟು ಯುಟಿಎಫ್-8’ ಒತ್ತಿ ಸೇವ್ ಮಾಡಿ. ಈ ಎರಡು ಹೆಜ್ಜೆ ಹಿಂದುಮುಂದಾದರೆ ಕೆಟ್ಟ ಅಕ್ಷರಗಳೇ ಯುಟಿಎಫ್-8 ಆಗಿ ಗಟ್ಟಿಯಾಗುತ್ತವೆ. ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡಾಗಲಂತೂ ಸೇವ್ ಒತ್ತಲೇಬೇಡಿ. ಆ ಚಿಹ್ನೆ ಫೈಲಿನಲ್ಲಿ ಕೂತರೆ ಮೂಲ ಬೈಟು ಅಳಿದಂತೆ, ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

ತಾಳೆ ನೋಡಲು ಫೈಲಿನ ಗಾತ್ರ ಸಾಕು. 1000 ಕಾನಾ (ಕಟಕಾನ, ಹಿರಗಾನ) ಮತ್ತು ಕಾಂಜಿ (ಚೀನಿ ಮೂಲದ) ಅಕ್ಷರಗಳ ಫೈಲು ಶಿಫ್ಟ್-ಜಿಸ್‌ನಲ್ಲಿ 2000 ಬೈಟು, ಯುಟಿಎಫ್-8ರಲ್ಲಿ ಸುಮಾರು 3000. ಯುಟಿಎಫ್-8ರಲ್ಲಿ ನಮ್ಮ ‘ಕ’ ಕೂಡ ಮೂರೇ ಬೈಟು. ಎಕ್ಸೆಲ್‌ಗೆ ಹೋಗುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಆದರೆ ಬಾಮ್, ಅಂದರೆ ಫೈಲಿನ ಆರಂಭದ ಗುರುತು, ಇರುವ ಯುಟಿಎಫ್-8 ಆರಿಸಿ. ಆ ಮೂರು ಬೈಟಿನ ಗುರುತು ಇಲ್ಲದಿದ್ದರೆ, ಎರಡು ಸಲ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಹಳೆಯ ಕೋಡಿನಲ್ಲೇ ಓದುವ ಸಂಭವ ಹೆಚ್ಚು.

ಕೊರತೆಗಳೂ ಇವೆ. ತಾನಾಗಿ ಕೋಡು ಗುರುತಿಸುವ ಸೌಲಭ್ಯ ಹತ್ತು ಹನ್ನೆರಡು ಅಕ್ಷರದ ಲೇಬಲ್ಲಿನಲ್ಲಿ ಎಡವುತ್ತದೆ, ಏಕೆಂದರೆ ಊಹಿಸಲು ಬೈಟುಗಳೇ ಸಾಲವು. ಪ್ರಿಫರೆನ್ಸಸ್‌ನಲ್ಲಿ ಅದನ್ನು ಆಫ್ ಮಾಡಿ ಕೈಯಿಂದಲೇ ಆರಿಸುವುದು ಲೇಸು. ಹಳೆಯ ಯುನಿಕ್ಸ್ ಯಂತ್ರದಿಂದ ಬಂದ ಇಯುಸಿ-ಜೆಪಿ ಎಂಬ ಬೇರೆ ಜಪಾನಿ ಕೋಡಿನ ಫೈಲಿಗೆ ಐಕಾನ್ವ್ ಎಂಬ ಇನ್ನೊಂದು ಉಪಕರಣ ಬಳಸಿ. ‘10ರಿಂದ 15’ ಎನ್ನಲು ಜಪಾನಿಯರು ನಡುವೆ ಹಾಕುವ ಅಲೆಗೆರೆಯ ಮೇಲೂ ಕಣ್ಣಿಡಿ. ವಿಂಡೋಸ್ ಅದಕ್ಕೆ ಒಂದು ಯುನಿಕೋಡ್ ಸಂಖ್ಯೆ ಕೊಡುತ್ತದೆ, ಬೇರೆ ಉಪಕರಣಗಳು ಇನ್ನೊಂದು. ನೋಡಲು ಎರಡೂ ಒಂದೇ, ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.

ಫಾಂಟಿನ ಸರದಿ ಈಗ. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಮಾತ್ರ ಅದು ಫಾಂಟಿನ ದೋಷ. ಯುನಿಕೋಡಿನಲ್ಲಿ ಚೀನಿ, ಜಪಾನಿ ಕಾಂಜಿಗಳಿಗೆ ಹಲವೆಡೆ ಒಂದೇ ಸಂಖ್ಯೆ ಇರುವುದರಿಂದ ಚೀನಿ ಫಾಂಟ್ ಹಾಕಿದರೆ ‘ಮೂಳೆ’ ಎಂಬ ಕಾಂಜಿಯ ಒಳಗಿನ ಮೂಲೆಯೇ ಎಡಬಲವಾಗುತ್ತದೆ. ಯೂ ಗಾಥಿಕ್ ಅಥವಾ ನೋಟೋ ಸ್ಯಾನ್ಸ್ ಜೆಪಿ ಹಾಕಿ. ಪುಟವನ್ನು ಇನ್‌ಡಿಸೈನ್‌ನಲ್ಲೇ ಕಟ್ಟಿ. ಪೇಜ್‌ಮೇಕರ್‌ಗೆ ಯುನಿಕೋಡ್ ಬಾರದು, ಅಲ್ಲಿ ಪೇಸ್ಟ್ ಮಾಡಿದರೆ ಇಷ್ಟು ಹೊತ್ತು ಸರಿಪಡಿಸಿದ ಸಾಲೆಲ್ಲ ಪ್ರಶ್ನೆ ಚಿಹ್ನೆಯಾಗುತ್ತದೆ.